ವೆರಾವಲ್ ಕಡಲಿನ ಮನೆಮಗಳು

ಸೋಮನಾಥನ ದರ್ಶನಕ್ಕೆಂದು ಗುಜರಾತಿಗೆ ಹೋದವರು ದೇವಸ್ಥಾನ, ಬಾಣಸ್ತಂಭ, ತ್ರಿವೇಣಿ ಸಂಗಮ ನೋಡಿಕೊಂಡು ಬಸ್ಸು ಹತ್ತಿಬಿಡುತ್ತಾರೆ. ಅಲ್ಲಿಂದ ಆರೇಳು ಕಿಲೋಮೀಟರು ದೂರದ ವೆರಾವಲ್ ಬಂದರಿನ ಕಡೆ ಹೋಗುವವರು ಕಡಿಮೆ. ಮೀನಿನ ವಾಸನೆ ಎಂದು ಮೂಗು ಮುಚ್ಚಿಕೊಳ್ಳುವವರೇ ಹೆಚ್ಚು. ಆದರೆ ಮಕ್ಕಳೇ, ಒಂದು ದೊಡ್ಡ ಮೀನಿನ ಕಥೆ ಕೇಳಬೇಕಿದ್ದರೆ ಆ ವಾಸನೆಯನ್ನು ಸಹಿಸಿಕೊಂಡು ಅಲ್ಲಿಗೇ ಹೋಗಬೇಕು.

ವೆರಾವಲ್ ನಮ್ಮ ದೇಶದ ದೊಡ್ಡ ಮೀನುಗಾರಿಕೆ ಬಂದರುಗಳಲ್ಲೊಂದು. ಬಣ್ಣ ಬಳಿದ ದೋಣಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ದಡದಲ್ಲಿ ಮರದ ದೋಣಿ ಕಟ್ಟುವ ಕೆಲಸ. ಬಡಗಿಗಳ ಸುತ್ತಿಗೆಯ ಸದ್ದು, ಬಲೆ ಹೆಣೆಯುವವರ ಮಾತು, ತಲೆಯ ಮೇಲೆ ಹಾರಾಡುವ ಹಕ್ಕಿಗಳ ಕೂಗು ಎಲ್ಲ ಒಟ್ಟಿಗೇ ಕಿವಿಗೆ ಬೀಳುತ್ತವೆ.

ಈ ಕಡಲಿಗೆ ಪ್ರತಿವರ್ಷ ಒಬ್ಬ ಅತಿಥಿ ಬರುತ್ತಾಳೆ. ಅವಳೇ ತಿಮಿಂಗಿಲ ಶಾರ್ಕ್. ಹೆಸರಿನಲ್ಲಿ ತಿಮಿಂಗಿಲ ಇದ್ದರೂ ಇದು ತಿಮಿಂಗಿಲವಲ್ಲ, ಕಿವಿರಿನಿಂದ ಉಸಿರಾಡುವ ಮೀನು. ಜಗತ್ತಿನ ಮೀನುಗಳಲ್ಲೆಲ್ಲ ಇದೇ ದೊಡ್ಡದು. ನಮ್ಮ ಸಿಟಿ ಬಸ್ಸಿನಷ್ಟು ಉದ್ದ, ಕೆಲವು ಅದಕ್ಕಿಂತಲೂ ಉದ್ದ.

"ಅಜ್ಜ, ಅದು ಮನುಷ್ಯರನ್ನು ತಿನ್ನುತ್ತಾ?" ಎಂದು ನನ್ನ ಮೊಮ್ಮಗಳು ಕೇಳಿದಳು. ಇಲ್ಲ. ಅಗಲವಾದ ಬಾಯಿ ತೆರೆದು ನೀರು ಎಳೆದುಕೊಂಡು, ಅದರಲ್ಲಿರುವ ಸಣ್ಣ ಜೀವಿಗಳನ್ನೂ ಚಿಕ್ಕ ಮೀನುಗಳನ್ನೂ ಸೋಸಿಕೊಂಡು ತಿನ್ನುತ್ತದೆ. ಹಲ್ಲುಗಳು ಸಾವಿರಾರು ಇವೆ, ಆದರೆ ತೀರಾ ಚಿಕ್ಕವು. ಅಷ್ಟು ದೊಡ್ಡ ದೇಹಕ್ಕೆ ಅಷ್ಟು ಸಾಧು ಸ್ವಭಾವ!

ಆ ಸಾಧುತನವೇ ಅದಕ್ಕೆ ಮುಳುವಾಯಿತು. ಮೇಲ್ಮೈಯಲ್ಲಿ ನಿಧಾನವಾಗಿ ಈಜುವ ಮೀನಿಗೆ ಮೀನುಗಾರರು ದೊಡ್ಡ ಕೊಕ್ಕೆ ಚುಚ್ಚಿ, ಹಗ್ಗಕ್ಕೆ ಪೀಪಾಯಿಗಳನ್ನು ಕಟ್ಟಿ ಬಿಡುತ್ತಿದ್ದರು. ತೇಲುವ ಪೀಪಾಯಿ ಎಳೆದು ಎಳೆದು ಮೀನು ಸೋಲುತ್ತಿತ್ತು. ಅದರಿಂದಲೇ ಅದಕ್ಕೆ ಅಲ್ಲಿ 'ಬ್ಯಾರಲ್' ಎಂಬ ಹೆಸರು. ಪಿತ್ತಜನಕಾಂಗದ ಎಣ್ಣೆಯನ್ನು ದೋಣಿಯ ಮರಕ್ಕೆ ನೀರು ಹಿಡಿಯದಂತೆ ಬಳಿಯುತ್ತಿದ್ದರು. ಆಮೇಲೆ ಮಾಂಸಕ್ಕೂ ರೆಕ್ಕೆಗೂ ಹೊರದೇಶದಲ್ಲಿ ಬೆಲೆ ಬಂತು. 1990ರ ದಶಕದ ಕೊನೆಗೆ ಸೌರಾಷ್ಟ್ರದ ದಡದಲ್ಲಿ ಅವುಗಳ ಬೇಟೆ ಲೆಕ್ಕ ಮೀರಿತು.

ಮೈಕ್ ಪಾಂಡೆ ಎಂಬ ಚಿತ್ರನಿರ್ದೇಶಕರು 2000ದಲ್ಲಿ 'ಶೋರ್ಸ್ ಆಫ್ ಸೈಲೆನ್ಸ್' ಸಾಕ್ಷ್ಯಚಿತ್ರದಲ್ಲಿ ಇದನ್ನು ದೇಶಕ್ಕೆ ತೋರಿಸಿದರು. 2001ರಲ್ಲಿ ಸರ್ಕಾರ ತಿಮಿಂಗಿಲ ಶಾರ್ಕನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿತು. ಹುಲಿಗೆ ಇರುವ ರಕ್ಷಣೆಯೇ ಇದಕ್ಕೂ ಸಿಕ್ಕಿತು. ಆದರೆ ಕಾಗದದ ಮೇಲಿನ ಕಾನೂನು ದೋಣಿಯವರೆಗೆ ಹೋಗಬೇಡವೇ? ಎಷ್ಟೋ ಮೀನುಗಾರರಿಗೆ ಅದರ ಸುದ್ದಿಯೇ ಇರಲಿಲ್ಲ.

2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ, ಗುಜರಾತ್ ಅರಣ್ಯ ಇಲಾಖೆ ಮತ್ತು ಟಾಟಾ ಕೆಮಿಕಲ್ಸ್ ಸೇರಿ ಊರೂರು ತಿರುಗಿದರು. ನಿಜಗಾತ್ರದ ಗಾಳಿ ತುಂಬಿದ ಮೀನಿನ ಬೊಂಬೆ ಮೆರವಣಿಗೆ ಹೋಯಿತು, ಬೀದಿನಾಟಕ ನಡೆಯಿತು. ರಾಮಕಥೆ ಹೇಳುವ ಮೊರಾರಿ ಬಾಪು ಅವರು ಮೀನುಗಾರರಿಗೆ ಮನಮುಟ್ಟುವ ಮಾತು ಹೇಳಿದರು: ಈ ಮೀನು ಹೆರಿಗೆಗೆ ತವರಿಗೆ ಬಂದ ಮಗಳಿದ್ದಂತೆ, ಅವಳನ್ನು ಕೊಲ್ಲಬಹುದೇ?

ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕೆಂಬುದು ನಮ್ಮಲ್ಲಿರುವಂತೆ ಅಲ್ಲಿಯೂ ಇದೆ. ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 'ಬ್ಯಾರಲ್' ಹೋಗಿ 'ವ್ಹಾಲಿ' ಬಂತು. ಗುಜರಾತಿಯಲ್ಲಿ ವ್ಹಾಲಿ ಎಂದರೆ ಮುದ್ದಿನವಳು.

ಹೆಸರು ಬದಲಾದರೆ ಹೊಟ್ಟೆ ತುಂಬುವುದಿಲ್ಲ, ಅದೂ ನಿಜ. ಬಲೆಗೆ ಬಿದ್ದ ವ್ಹಾಲಿಯನ್ನು ಬಿಡಿಸಲು ಬಲೆಯನ್ನೇ ಕತ್ತರಿಸಬೇಕು. ಬಲೆ ಎಂದರೆ ಮೀನುಗಾರನ ಬಂಡವಾಳ. ಅದಕ್ಕೇ ಅರಣ್ಯ ಇಲಾಖೆ ಕತ್ತರಿಸಿದ ಬಲೆಗೆ ಪರಿಹಾರ ಕೊಡತೊಡಗಿತು. ಮೊದಮೊದಲು ಅಧಿಕಾರಿಗಳು ಬಂದು ನೋಡುವವರೆಗೆ ಮೀನು ಬಲೆಯಲ್ಲೇ ಒದ್ದಾಡಬೇಕಿತ್ತು. ಆಮೇಲೆ ಮೀನುಗಾರರ ಕೈಗೇ ಕ್ಯಾಮೆರಾ ಕೊಟ್ಟರು. ಫೋಟೋ ತೆಗೆ, ಬಲೆ ಕತ್ತರಿಸು, ಮೀನು ಬಿಡು! ಹೀಗೆ 900ಕ್ಕೂ ಹೆಚ್ಚು ವ್ಹಾಲಿಯರು ಮತ್ತೆ ಕಡಲು ಸೇರಿದ್ದಾರೆ. ಅವರನ್ನು ಬಿಟ್ಟವರು ಹಿಂದೆ ಹಿಡಿಯುತ್ತಿದ್ದ ಸಮುದಾಯದವರೇ.

ವಿಜ್ಞಾನಿಗಳ ಕೆಲಸವೂ ಜೊತೆಜೊತೆಗೆ ನಡೆದಿದೆ. ಮೀನಿಗೆ ಪುಟ್ಟ ಉಪಕರಣ ಕಟ್ಟಿ, ಅದು ಎಲ್ಲೆಲ್ಲಿ ಹೋಗುತ್ತದೆಂದು ಉಪಗ್ರಹದ ಮೂಲಕ ನೋಡುತ್ತಾರೆ. ಇನ್ನೊಂದು ವಿಧಾನ ನನಗೆ ಬಹಳ ಹಿಡಿಸಿತು. ವ್ಹಾಲಿಯ ಮೈಮೇಲಿನ ಬಿಳಿ ಚುಕ್ಕೆಗಳು ಒಂದರಂತೆ ಇನ್ನೊಂದಕ್ಕಿರುವುದಿಲ್ಲ. ಬ್ಯಾಂಕಿನಲ್ಲಿ ನಾವು ಸಹಿ ಹೋಲಿಸುತ್ತಿದ್ದ ಹಾಗೆ, ಅವರು ಚುಕ್ಕೆ ಹೋಲಿಸಿ ಇದು ಯಾವ ಮೀನೆಂದು ಗುರುತಿಸುತ್ತಾರೆ. ಅದಕ್ಕೆ ಬಳಸುವ ಲೆಕ್ಕಾಚಾರ ಖಗೋಳ ವಿಜ್ಞಾನಿಗಳು ಆಕಾಶದ ನಕ್ಷತ್ರ ಗುರುತಿಸಲು ಮಾಡಿಕೊಂಡದ್ದು!

ಇಷ್ಟೆಲ್ಲ ಪಾಡು ಯಾಕೆ? ಬೂತಾಯಿ ಮೀನು ಒಂದೇ ಸಲಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ. ಶಾರ್ಕುಗಳ ಸಂಸಾರ ಹಾಗಲ್ಲ. ತಿಮಿಂಗಿಲ ಶಾರ್ಕ್ ತಾಯಾಗಲು ಸುಮಾರು 25-30 ವರ್ಷ ಬೇಕೆಂದು ಅಂದಾಜು. ಮಾಂಟಾ ಎಂಬ ದೊಡ್ಡ ತೊರಕೆ ಮೀನು ಹೆರುವುದು ಸಾಮಾನ್ಯವಾಗಿ ಒಂದೇ ಮರಿ. ಇಂಥ ಮೀನುಗಳನ್ನು ಮನಬಂದಂತೆ ಹಿಡಿಯುವುದೆಂದರೆ ಬಡ್ಡಿ ಬಿಟ್ಟು ಅಸಲಿಗೇ ಕೈ ಹಾಕಿದಂತೆ. 1970ರಿಂದ ಈಚೆಗೆ ತೆರೆದ ಸಾಗರದ ಶಾರ್ಕ್ ಮತ್ತು ತೊರಕೆಗಳ ಸಂಖ್ಯೆ ಶೇಕಡಾ 71ರಷ್ಟು ಇಳಿದಿದೆಯೆಂದು 2021ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು.

ನಮ್ಮ ಕರಾವಳಿಯಲ್ಲೂ ಶಾರ್ಕುಗಳಿವೆ. ಅಲ್ಲಿಯವರು ಅವನ್ನು ತಾಟೆ ಎನ್ನುತ್ತಾರೆ. ತೊರಕೆಗಳಿವೆ, ಗರಗಸದಂಥ ಮೂತಿಯ ಗರಗಸ ಮೀನಂತೂ ಕಾಣುವುದೇ ಅಪರೂಪವಾಗಿದೆ. ಅವಕ್ಕೆ ಮುದ್ದಿನ ಹೆಸರು ಇಟ್ಟವರಿಲ್ಲ, ತವರೂ ಸಿಕ್ಕಿಲ್ಲ. ಆ ಕೆಲಸ ಇನ್ನೂ ಬಾಕಿಯಿದೆ, ಮಕ್ಕಳೇ.

ಹೋಗುವುದು ಹೇಗೆ? ತಿರುವನಂತಪುರದಿಂದ ವೆರಾವಲ್‌ಗೆ ಹೋಗುವ ವಾರದ ರೈಲು ಕೊಂಕಣ ಮಾರ್ಗದಲ್ಲಿ ನಮ್ಮ ಕರಾವಳಿಯನ್ನು ಹಾದು ಹೋಗುತ್ತದೆ. ಅಹಮದಾಬಾದ್, ರಾಜಕೋಟ್‌ಗಳಿಂದಲೂ ರೈಲುಗಳಿವೆ. ಸಿಂಹಗಳ ಸಾಸಣ್ ಗಿರ್ ಅಲ್ಲಿಂದ ಸುಮಾರು 40 ಕಿಲೋಮೀಟರು. ಸಿಂಹ ನೋಡಿ, ಸೋಮನಾಥನಿಗೆ ಕೈಮುಗಿದು, ಬಂದರಿಗೂ ಒಂದು ಗಂಟೆ ಎತ್ತಿಡಿ. ಬಲೆ ಹೆಣೆಯುವವರ ಹತ್ತಿರ ಕೂತು "ವ್ಹಾಲಿ ಈ ವರ್ಷ ಬಂದಿದ್ದಳೇ?" ಎಂದು ಕೇಳಿ.