ಹ್ಯಾರೊಗೇಟ್‌ಗೆ ಹೋದ ಶನಿವಾರ

ಲೀಡ್ಸ್‌ನಲ್ಲಿ ಆರು ತಿಂಗಳ ಆನ್‌ಸೈಟ್ ಕೆಲಸ. ಒಂದು ಶನಿವಾರ ರೈಲು ಹತ್ತಿ ಹ್ಯಾರೊಗೇಟ್‌ಗೆ ಹೋದೆ. ಮುಕ್ಕಾಲು ಗಂಟೆಯೂ ಬೇಡ. ಗಂಧಕದ ನೀರಿನ ಬುಗ್ಗೆಗಳಿಂದ ಹೆಸರಾದ ಊರು. ಹಳೆಯ ಪಂಪ್ ರೂಮ್ ಹತ್ತಿರ ಈಗಲೂ ಕೊಳೆತ ಮೊಟ್ಟೆಯ ವಾಸನೆ. ನನಗೆ ಬೇಕಿದ್ದದ್ದು ಅದಲ್ಲ, ಗೋಡೆಗೆ ಬಳ್ಳಿ ಹಬ್ಬಿದ ಓಲ್ಡ್ ಸ್ವಾನ್ ಹೋಟೆಲ್.

ಹಳೇ ಕಾಲದಲ್ಲಿ ನಡೆಯೋ ಪತ್ತೇದಾರಿ ಕಾದಂಬರಿ ಅಂದ್ರೆ ನನಗೆ ಹುಚ್ಚು. ಅದರಲ್ಲೂ ಪತ್ತೇದಾರಿಣಿಗೆ ಅತೀಂದ್ರಿಯ ಶಕ್ತಿ ಇದ್ದು, ಸತ್ತವರ ಉಂಗುರ ಮುಟ್ಟಿದರೆ ಸಾಕು ಕೊಲೆಗಾರ ಕಾಣಿಸೋ ಥರದವು. ಹೆಚ್ಚುಕಡಿಮೆ ಅಂಥದ್ದೇ ಒಂದು ಪ್ರಯತ್ನ ನಿಜವಾಗಿ ನಡೆದದ್ದು 1926ರಲ್ಲಿ.

ಡಿಸೆಂಬರ್ 3ರ ರಾತ್ರಿ ಅಗಾಥಾ ಕ್ರಿಸ್ಟಿ ಮನೆ ಬಿಟ್ಟರು. ಮರುದಿನ ಸರ್ರೆಯಲ್ಲಿ ಅವರ ಕಾರು ಮಾತ್ರ ಸಿಕ್ಕಿತು. ಪೊಲೀಸರು ಹುಡುಕುತ್ತಿದ್ದಾಗ ಷರ್ಲಾಕ್ ಹೋಮ್ಸ್‌ನ ಸೃಷ್ಟಿಕರ್ತ ಕಾನನ್ ಡಾಯ್ಲ್ ಏನು ಮಾಡಿದರು ಗೊತ್ತಾ? ಕ್ರಿಸ್ಟಿಯ ಒಂದು ಕೈಗವಸು ತರಿಸಿ, ಯಾರದ್ದೆಂದು ಹೇಳದೆ ಹೊರೇಸ್ ಲೀಫ್ ಎಂಬ ದಿವ್ಯದೃಷ್ಟಿಯವನ ಕೈಗೆ ಕೊಟ್ಟರು! ಆಕೆ ಬದುಕಿದ್ದಾಳೆ, ಬುಧವಾರ ಸುದ್ದಿ ಬರುತ್ತೆ ಅಂದನಂತೆ ಆತ. ಕ್ರಿಸ್ಟಿ ಪತ್ತೆಯಾದದ್ದು 14ನೇ ತಾರೀಕು ಮಂಗಳವಾರ, ಇದೇ ಹೋಟೆಲಿನಲ್ಲಿ, ಗಂಡನ ಪ್ರೇಯಸಿಯ ಅಡ್ಡಹೆಸರಿಟ್ಟುಕೊಂಡು. ಗುರುತು ಹಿಡಿದು ಪೊಲೀಸರಿಗೆ ಹೇಳಿದವರು ಹೋಟೆಲಿನ ವಾದ್ಯಗಾರರು. ಕೈಗವಸು ಊರಿನ ಹೆಸರು ಹೇಳಿರಲಿಲ್ಲ.

ಡಾಯ್ಲ್‌ರನ್ನು ನೋಡಿ ನಗಬಹುದು. ಆದರೆ 1918ರಲ್ಲಿ ಅವರ ಮಗ ಕಿಂಗ್ಸ್‌ಲಿ, ಮರುವರ್ಷ ತಮ್ಮ ಇನ್ನೆಸ್ ತೀರಿಕೊಂಡಿದ್ದರು. ಪ್ರೇತಗಳ ಜೊತೆ ಮಾತಾಡೋ ಆಸಕ್ತಿ ಮೊದಲೇ ಇತ್ತು, ಆಮೇಲೆ ಅದೇ ಬದುಕಾಯಿತು. ಯುದ್ಧದಲ್ಲಿ ಮಕ್ಕಳನ್ನು ಕಳಕೊಂಡ ಎಷ್ಟೋ ಮನೆಗಳಲ್ಲಿ ಆಗ ಹೀಗೇ. ಇದನ್ನು ಮರೆತು ಬರೀ ಮೇಜು ಅಲ್ಲಾಡಿಸೋ ಕಾದಂಬರಿಗಳನ್ನು ನಾನು ಅರ್ಧಕ್ಕೇ ಬಿಡ್ತೀನಿ.

ನಮ್ಮ ಚಿಕ್ಕಪ್ಪ ಮನೆ ಬಿಟ್ಟು ಹೋದಾಗ ಅಜ್ಜಿ ಅವರ ಅಂಗಿ ಹಿಡಕೊಂಡು ಅಂಜನ ಹಾಕೋರ ಹತ್ತಿರ ಹೋಗಿದ್ದರು. ‘ನೀರಿರೋ ಊರಲ್ಲಿದ್ದಾನೆ, ಯುಗಾದಿಯೊಳಗೆ ಸುದ್ದಿ ಬರುತ್ತೆ’ ಅಂದರಂತೆ. ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದ ನಾನು, ‘ನೀರಿಲ್ಲದ ಊರು ಯಾವುದಜ್ಜಿ?’ ಅಂತ ನಕ್ಕಿದ್ದೆ. ಎರಡು ದಿನ ಅಜ್ಜಿ ನನ್ನ ಜೊತೆ ಮಾತಾಡಲಿಲ್ಲ. ಹತ್ತು ಯುಗಾದಿ ಕಳೆದಿವೆ. ಅಂಗಿ ಟ್ರಂಕಿನಲ್ಲೇ ಇದೆ.

ಸಂಜೆ ಲೀಡ್ಸ್‌ಗೆ ವಾಪಸ್ಸಾಗಿ ಊರಿಗೆ ಫೋನ್ ಮಾಡಿದೆ. ಹೋಟೆಲಿನ ಕಥೆ, ಬುಗ್ಗೆ ನೀರಿನ ಊರು ಎಲ್ಲ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

‘ಅಲ್ಲಿ ನಮ್ಮ ಕಡೆಯವರು ಯಾರಾದ್ರೂ ಕಂಡ್ರೇನೋ, ಮಗಾ?’