ಹಾಸ್ಟೆಲ್ ಫೀಸ್ ಎಷ್ಟಂತೆ ನೋಡು

ಸಿಇಟಿ ಆಪ್ಷನ್ ಎಂಟ್ರಿ ಟೈಮಲ್ಲಿ ನಾನೂ ಅಪ್ಪನೂ ನಮ್ಮೂರ ಸೈಬರ್ ಸೆಂಟರಿನಲ್ಲಿ ಕೂತು ಒಂದೊಂದೇ ಕಾಲೇಜಿನ ವೆಬ್‌ಸೈಟ್ ತೆಗೆದು ನೋಡುತ್ತಿದ್ದೆವು. ನನ್ನ ಮನಸ್ಸು ಒಂದರ ಮೇಲೆ ನಿಂತುಬಿಟ್ಟಿತು. ಸ್ಕ್ರೀನ್ ತುಂಬ ಡ್ರೋನಿನಿಂದ ತೆಗೆದ ಫೋಟೊ, ಹಸಿರು ಲಾನ್, ಲೈಬ್ರರಿ ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ಹಿಡಿದು ನಗುವ ನಾಲ್ಕು ಜನ. ಅಪ್ಪ ಎಲ್ಲವನ್ನೂ ನೋಡಿ, "ಚೆನ್ನಾಗೈತೆ. ಹಾಸ್ಟೆಲ್ ಫೀಸ್ ಎಷ್ಟಂತೆ ನೋಡು" ಅಂದರು.

ಹುಡುಕಿದೆ. 'ಕ್ಯಾಂಪಸ್ ಲೈಫ್' ಒಳಗೆ ಹೋದರೆ ಇನ್ನಷ್ಟು ಫೋಟೊ. 'ಅಡ್ಮಿಷನ್ಸ್' ಒತ್ತಿದರೆ ನಮ್ಮ ಮೊಬೈಲ್ ನಂಬರ್ ಕೇಳುವ ಫಾರ್ಮ್. ಕೊನೆಗೆ ಸಿಕ್ಕ ಪಿಡಿಎಫ್ ಎರಡು ವರ್ಷ ಹಳೆಯದು, ಅದೂ ಸೊಟ್ಟಗೆ ಸ್ಕ್ಯಾನ್ ಮಾಡಿದ್ದು. ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಷ್ಟು ಅಂತ ಗೊತ್ತಿಲ್ದೆ ಹೆಂಗೆ ಕಳಿಸ್ಲಿ?" ಅಂದರು. ಆ ಕಾಲೇಜು ಲಿಸ್ಟಿನಿಂದ ಹೋಯ್ತು. ನನ್ನ ರ್‍ಯಾಂಕಿಗೆ ಅಲ್ಲಿ ಸೀಟು ಸಿಗುತ್ತಿತ್ತು ಅಂತ ಆಮೇಲೆ ಕಟ್‌ಆಫ್ ನೋಡಿದಾಗ ಗೊತ್ತಾಯ್ತು. (ಇಲ್ಲಿಗೆ ಬಂದದ್ದಕ್ಕೆ ಬೇಜಾರಿಲ್ಲ, ಮೆಸ್ ಊಟ ಒಂದು ಬಿಟ್ಟು.)

ಇದು ನಮ್ಮ ಕಡೆಯ ರೋಗ ಮಾತ್ರ ಅಲ್ಲ. ಎಕ್ಸ್‌ಕೆಸಿಡಿ ಕಾಮಿಕ್‌ನ ರ್‍ಯಾಂಡಲ್ ಮನ್ರೋ 2010ರಲ್ಲೇ ಇದರ ಮೇಲೆ ಒಂದು ವೆನ್ ಡಯಾಗ್ರಾಮ್ ಬರೆದಿದ್ದಾರೆ. ಒಂದು ವೃತ್ತದಲ್ಲಿ ಯೂನಿವರ್ಸಿಟಿ ಹೋಮ್‌ಪೇಜಿನಲ್ಲಿ ಇರುವ ವಸ್ತುಗಳು: ಕ್ಯಾಂಪಸ್ ಸ್ಲೈಡ್‌ಶೋ, ಅಧ್ಯಕ್ಷರ ಪತ್ರ, ವರ್ಚುವಲ್ ಟೂರ್. ಇನ್ನೊಂದರಲ್ಲಿ ಜನ ಹುಡುಕಿಕೊಂಡು ಬರುವುದು: ಅರ್ಜಿ ಫಾರ್ಮ್, ಕ್ಯಾಲೆಂಡರ್, ಅಧ್ಯಾಪಕರ ಫೋನ್ ನಂಬರ್. ಎರಡೂ ವೃತ್ತ ಸೇರುವ ಜಾಗದಲ್ಲಿ ಇರೋದು ಒಂದೇ, ಸಂಸ್ಥೆಯ ಪೂರ್ತಿ ಹೆಸರು.

ಅದನ್ನು ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ. ಹೋದ ವರ್ಷ ನಮ್ಮ ಡಿಪಾರ್ಟ್‌ಮೆಂಟಿನ ಸ್ಟೂಡೆಂಟ್ ಅಸೋಸಿಯೇಷನ್ ಪೇಜ್ ಮಾಡೋ ಕೆಲಸ ನನಗೇ ಬಂತು. ನಾನು ಮೊದಲು ಮಾಡಿದ್ದೇನು ಗೊತ್ತಾ? ಫುಲ್ ಸ್ಕ್ರೀನ್ ವಿಡಿಯೊ. ಸ್ಕ್ರಾಲ್ ಮಾಡಿದಂತೆ ಪಕ್ಕದಿಂದ ಜಾರಿ ಬರೋ ಅಕ್ಷರ. ಬಿಳಿ ಮೇಲೆ ತಿಳಿ ಬೂದು, ನೋಡೋಕೆ ಕ್ಲಾಸ್ ಆಗಿರಲಿ ಅಂತ. ರೂಮಲ್ಲಿ ಎಲ್ಲರೂ "ಸೂಪರ್ ಮಗಾ" ಅಂದರು. ಹೆಮ್ಮೆಯಿಂದ ಅಪ್ಪನಿಗೂ ಲಿಂಕ್ ಕಳಿಸಿದೆ. ಸಂಜೆ ಫೋನ್ ಬಂತು. "ತೋಟದಲ್ಲಿ ತೆಗೆದೆ ಕಣೋ, ಒಂದು ಅಕ್ಷರ ಕಾಣ್ತಿಲ್ಲ. ಏನೋ ತಿರುಗ್ತಾನೇ ಐತೆ."

ಆಮೇಲೆ ಚೆಕ್ ಮಾಡಿದೆ. ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ ಕನಿಷ್ಠ 4.5:1 ಇರಬೇಕು ಅನ್ನುತ್ತದೆ ಡಬ್ಲ್ಯುಸಿಎಜಿ ಮಾನದಂಡ. ನನ್ನದು 2.3.

ಚಂದ ಬೇಡ ಅಂತ ನಾನು ಹೇಳುತ್ತಿಲ್ಲ. ಯೇಲ್ ಸ್ಕೂಲ್ ಆಫ್ ಆರ್ಟ್‌ನ ಸೈಟನ್ನು ಬಹಳ ವರ್ಷ ಅಲ್ಲಿನ ವಿದ್ಯಾರ್ಥಿಗಳು, ಅಧ್ಯಾಪಕರೇ ವಿಕಿಯಂತೆ ತಿದ್ದುತ್ತಿದ್ದರು. ಕಣ್ಣು ಕುಕ್ಕುವ ಹಿನ್ನೆಲೆ, ಜಾತ್ರೆ ಥರ. ನನಗೆ ಇಷ್ಟವೇ. ಆರ್ಟ್ ಕಲಿಯೋರು ಹಾಗೆ ಆಡಬಹುದು. ಹೋಗೋನು ಮಾತ್ರ ನೋಡೋಕೆ ಹೋಗ್ತಾನೆ, ಫೀಸ್ ಕಟ್ಟೋಕೆ ಅಲ್ಲ.

ನಾನು ವಿಡಿಯೊ ಕಿತ್ತೆ, ಅಕ್ಷರ ಕಪ್ಪು ಮಾಡಿದೆ. ಮೇಲುಗಡೆ ಹಾಸ್ಟೆಲ್ ಫೀಸ್ ಹಾಕೋಣ ಅಂತ ಆಫೀಸಿಗೆ ಹೋಗಿ ಈ ವರ್ಷದ ಅಂಕಿ ಕೇಳಿದರೆ, "ನೋಟಿಸ್ ಬೋರ್ಡಲ್ಲಿ ಹಾಕಿದೀವಲ್ಲಪ್ಪ" ಅಂದರು. ಬೋರ್ಡಿನ ಗಾಜಿನ ಮೇಲೆ ಟ್ಯೂಬ್‌ಲೈಟ್ ಬೀಳ್ತಿತ್ತು. ಬಗ್ಗಿ ಫೋಟೊ ತೆಗೆದು, ರೂಮಿಗೆ ಬಂದು ಟೈಪ್ ಮಾಡಿದೆ. ನಾಲ್ಕು ಸಾಲಿನ ಟೇಬಲ್, ಕೆಳಗೆ ವಾರ್ಡನ್ ಆಫೀಸಿನ ನಂಬರ್. ಮುಂದಿನ ಆಪ್ಷನ್ ಎಂಟ್ರಿಗೆ ಮುಂಚೆ ಹೊಸ ನೋಟಿಸ್ ನೋಡಿ ಅಂಕಿ ಬದಲಾಯಿಸಬೇಕು. ನಾನು ಮರೆತರೆ ಯಾರಾದರೂ ನೆನಪಿಸಿ.