ನೆಲಕ್ಕ ಕೂತು ಏಳೂ ಶಕ್ತಿ

"ಮುಂಜಾನಿಂದ ರಾತ್ರಿ ತನಕಾ ದುಡೀತೀವಿ, ಅದರ ಮ್ಯಾಲ ಮತ್ತ ಯೋಗಾ ಯಾಕ ಬೇಕವಾ?" ನಮ್ಮ ವಡಗಾವಿ ಓಣ್ಯಾಗ ನಾನು ಚಾಪಿ ಹಿಡಕೊಂಡು ಹೊಂಟ್ರ ಯಾರರ ಒಬ್ಬರು ಇದನ್ನ ಕೇಳೇ ಕೇಳ್ತಾರ. ಕೇಳೂದ್ರಾಗ ತಪ್ಪೇನಿಲ್ಲ. ನಮ್ಮ ಹೆಣ್ಮಕ್ಕಳು ಖಾಲಿ ಕೂತಾರ ಅಂತ ಯಾರೂ ಅನ್ನೂ ಹಂಗಿಲ್ಲ.

ಆದ್ರ ಅಕ್ಕಂದಿರ, ವೈನಿಗೋಳ, ಒಂದು ಲೆಕ್ಕಾ ಹಾಕಿ ನೋಡ್ರಿ. ರೊಟ್ಟಿ ಬಡಿಯೂ ಮುಂದ ಮುಂದಕ್ಕ ಬಾಗ್ತೀವಿ. ಕಂಡಿಕಿ ಸುತ್ತೂ ಮುಂದ ಮುಂದಕ್ಕ ಬಾಗ್ತೀವಿ. ಅರಬಿ ಒಗಿಯೂದು, ಭಾಂಡೆ ತಿಕ್ಕೂದು, ಕಸಾ ಹೊಡಿಯೂದು, ಈಗ ಮೊಬೈಲ್ ನೋಡೂದು, ಎಲ್ಲಾ ಮುಂದಕ್ಕನ. ಎದಿ ತೆರದು ಹಿಂದಕ್ಕ ಬಾಗೂ ಕೆಲಸಾ ಮನ್ಯಾಗ ಯಾವುದೈತಿ ಹೇಳ್ರಿ? ಕೆಲಸಾ ಮೈಯನ್ನ ದಣಸತೈತಿ, ಆದ್ರ ಎಲ್ಲಾ ಕಡೆ ಹೊಳ್ಳಸೂದಿಲ್ಲ. ಅದಕ್ಕ ದಿನಾ ದುಡದೂ ದುಡದೂ ಬೆನ್ನು ಗೂನಾಗತೈತಿ, ಮೊಣಕಾಲು ಹಿಡ್ಕೋತಾವ.

ನನಗ ಇದರ ಬಿಸಿ ಹತ್ತಿದ್ದು ನಮ್ಮ ಅತ್ತಿಯವರನ್ನ ನೋಡಿ. ಅವರು 72ನೇ ವರ್ಷಕ್ಕ ಬಚ್ಚಲದಾಗ ಜಾರಿ ಬಿದ್ರು. ಸೊಂಟದ ಎಲಬು ಮುರೀತು. ಆಪರೇಶನ್ ಆತು, ಎಲಬು ಕೂಡಿತು, ಆದ್ರ ಅವರು ಮತ್ತ ನೆಲಕ್ಕ ಕೂಡಲಿಲ್ಲ. ಆಷಾಢದಾಗ ಮಂಗಾಯಿ ಜಾತ್ರಿಗೆ ಮನಿ ತುಂಬ ಬೀಗರು ಬಂದಿದ್ರು. ಎಲ್ಲಾರೂ ಸಾಲಾಗಿ ಊಟಕ್ಕ ಕೂತಾರ, ಇವರು ಒಬ್ಬರ ಮೂಲ್ಯಾಗ ಕುರ್ಚಿ ಮ್ಯಾಲ. "ನನ್ನನ್ನ ಸಾಲಿನಿಂದ ಎಬ್ಬಿಸಿದಂಗಾತು ನೋಡವಾ" ಅಂದ್ರು. ನೋವಿಗೆ ಅತ್ತವರಲ್ಲ ಅವರು. ಸಂಡಾಸಕ್ಕ ನಾನು ಕೈ ಹಿಡದು ಕರ್ಕೊಂಡು ಹೋಗೂ ಮುಂದ ಮಾತ್ರ ಕಣ್ಣೀರು ಹಾಕ್ತಿದ್ರು.

ಆಗ ನನಗ 49. ಮುಟ್ಟು ನಿಲ್ಲೂ ವಯಸ್ಸು. ರಾತ್ರಿ ಮೈ ಬೆವರತಿತ್ತು, ನಿದ್ದಿ ಬರ್ತಿರಲಿಲ್ಲ, ಏಳಬೇಕಂದ್ರ ನೆಲಕ್ಕ ಎರಡೂ ಕೈ ಊರಬೇಕಾಗಿತ್ತು. ಮುಟ್ಟು ನಿಂತ ಮ್ಯಾಲ ಹೆಣ್ಮಕ್ಕಳ ಎಲಬು ಲಗೂ ಸವೀತಾವ, ಕಾಲಿನ ಬಲಾ ಮತ್ತು ತೋಲಾ ಕಾಯ್ಕೋಬೇಕು ಅಂತ ಡಾಕ್ಟರ್ ಹೇಳಿದ್ರು. ನಾ ಯೋಗಾ ಹಿಡದದ್ದು ತೆಳ್ಳಗ ಆಗಬೇಕಂತಲ್ಲ. ನೆಲಕ್ಕ ಕೂತು, ಯಾರ ಕೈಯೂ ಹಿಡೀದ ಏಳೂ ಶಕ್ತಿ ಉಳಿಸ್ಕೋಬೇಕಂತ.

"ಯೋಗಾ ಅಂದ್ರ ಸಾಧು ಸನ್ಯಾಸಿಗಳದ್ದು, ಹೆಣ್ಮಕ್ಕಳಿಗೆ ಎಲ್ಲಿದು" ಅನ್ನವರಿಗೆ ನಾನು ಬಿ.ಕೆ.ಎಸ್. ಅಯ್ಯಂಗಾರರ ಕಥಿ ಹೇಳ್ತೇನಿ. ಅವರು 1918ರಾಗ ಕೋಲಾರ ಜಿಲ್ಲಾದ ಬೆಳ್ಳೂರಾಗ ಹುಟ್ಟಿದವರು. ಸಣ್ಣವರಿದ್ದಾಗ ಮಲೇರಿಯಾ, ಟೈಫಾಯಿಡ್, ಕ್ಷಯ ಎಲ್ಲಾ ಬಂದು ಕಡ್ಡಿ ಹಂಗ ಆಗಿದ್ರು. ಮೈಸೂರಾಗ ಅಕ್ಕನ ಗಂಡ ಕೃಷ್ಣಮಾಚಾರ್ಯರು ಯೋಗಾ ಕಲಿಸ್ತಿದ್ರು. ಅವರ ಕೈಯಾಗ ಈ ಹುಡುಗ ತಯಾರಾದ. 1936ರಾಗ ಗುರುಗಳ ಜೋಡಿ ನಮ್ಮ ಉತ್ತರ ಕರ್ನಾಟಕದ ಕಡೆ ಪ್ರಾತ್ಯಕ್ಷಿಕೆ ತೋರಿಸಾಕ ಬಂದ್ರು. ಧಾರವಾಡದಾಗ ಹೆಣ್ಮಕ್ಕಳು "ನಮಗೂ ಕಲಸ್ರಿ" ಅಂತ ಮುಂದ ಬಂದ್ರು. ದೊಡ್ಡ ಗಂಡಸರ ಮುಂದ ಸಂಕೋಚ ಆಗ್ತೈತಿ ಅಂತ, ಎಲ್ಲಾರಕಿಂತ ಸಣ್ಣವನಾದ ಈ ಹುಡುಗನ್ನ ಕಲಿಸಾಕ ಹಚ್ಚಿದ್ರು. ಜಗತ್ತಿಗೆ ಹೆಸರಾದ ಅಯ್ಯಂಗಾರರ ಮೊದಲ ವಿದ್ಯಾರ್ಥಿಗಳು ಧಾರವಾಡದ ಹೆಣ್ಮಕ್ಕಳು ನೋಡ್ರಿ!

ನಮ್ಮ ಬೆಳಗಾವಿದೂ ಇದರಾಗ ಪಾಲೈತಿ. ಅದ ಹೊತ್ತಿಗೆ ಬೆಳಗಾವಿಯೊಳಗ ಸಿವಿಲ್ ಸರ್ಜನ್ ಆಗಿದ್ದ ಡಾಕ್ಟರ್ ವಿ.ಬಿ. ಗೋಖಲೆ ಅವರು ಈ ಹುಡುಗನ ಆಸನಾ ನೋಡಿ ಮೆಚ್ಚಿದ್ರು. ನಿವೃತ್ತಿಯಾಗಿ ಪುಣೆಕ್ಕ ಹೋದ ಮ್ಯಾಲ, 1937ರಾಗ ಅಲ್ಲಿಗೆ ಕಲಿಸಾಕ ಕರಿಸಿಕೊಂಡ್ರು. ಆರು ತಿಂಗಳಿಗಂತ ಹೋದವರು ಅಲ್ಲೇ ನೆಲಿ ನಿಂತ್ರು. 1975ರಾಗ ಹೆಂಡತಿ ರಮಾಮಣಿಯವರ ನೆನಪಿಗೆ ಅವರ ಹೆಸರಿಲೇ ಯೋಗ ಸಂಸ್ಥಾ ತೆರದ್ರು. 2014ರಾಗ ತೀರಿಕೊಂಡಾಗ ಅವರಿಗೆ 95 ವರ್ಷ.

ಅವರ ಪದ್ಧತಿಯೊಳಗ ನನಗ ಭಾಳ ಹಿಡಿಸಿದ್ದು ಒಂದೈತಿ. ಬಾಗಾಕ ಬರದವರಿಗೆ ಆಸರಾ ಕೊಡೂದು. ಕುರ್ಚಿ, ಗ್ವಾಡಿ, ಹಗ್ಗ, ಪಟ್ಟಿ, ಕಟ್ಟಿಗಿ ತುಂಡು, ಮಡಚಿದ ಚಾದರ ಎಲ್ಲಾನೂ ಉಪಯೋಗಿಸ್ತಾರ. ಮೈ ಆಸನಕ್ಕ ಬರದಿದ್ರ ಆಸನಾನ ಮೈ ಹತ್ರ ತರೂದು. ಇದು ನಮ್ಮಂಥವರಿಗೆ ಹೇಳಿ ಮಾಡಿಸಿದಂಗೈತಿ. ನಾನು ಪಟ್ಟಿ ಬದಲಿ ಹಳೇ ದುಪಟ್ಟಾ, ದಿಂಬಿನ ಬದಲಿ ಕೌದಿ ಸುರುಳಿ ಇಟ್ಕೋತೇನಿ.

ನಮ್ಮ ಮಗ್ಗದ ಖಟಖಟ ಶುರು ಆಗೂಕಿಂತ ಮೊದಲ, ಮುಂಜಾನೆ ಅರ್ಧ ತಾಸು ನನ್ನದು. ಮೊದಲ ಗ್ವಾಡಿಗೆ ಬೆನ್ನು ಹಚ್ಚಿ ತಾಡಾಸನ: ಹಿಮ್ಮಡ, ಹೆಗಲು ಎಲ್ಲಾ ನೆಟ್ಟಗ. ಆಮ್ಯಾಲ ಗ್ವಾಡಿಗೆ ಒಂದು ಬೆರಳು ಹಚ್ಚಿ ವೃಕ್ಷಾಸನ, ಒಂದು ಕಾಲ ಮ್ಯಾಲ ಎಷ್ಟು ನಿಲ್ಲಾಕ ಆಗ್ತೈತಿ ಅಷ್ಟು. ಬಚ್ಚಲದಾಗ ಕಾಲು ಜಾರಿದಾಗ ಮೈ ಸಾವರಿಸಿಕೊಳ್ಳಾಕ ಇದ ತೋಲಾ ಬೇಕು. ಕುರ್ಚಿ ಮ್ಯಾಲಿಂದ ಕೈ ಹಚ್ಚದ ಹತ್ತು ಸಲ ಏಳೂದು ಕೂಡೂದು, ಇದು ತೊಡಿಗೆ ಬಲಾ. ಬೋರಲ ಮಲಗಿ ಭುಜಂಗಾಸನ, ಅಂಗಾತ ಮಲಗಿ ಸೇತುಬಂಧ. ದಿನಾ ಮುಂದಕ್ಕ ಬಾಗಿದ ಬೆನ್ನಿಗೆ ಇವು ಹಿಂದಿನ ಬಾಕಿ ತೀರಿಸಿದಂಗ. ಕಡೀಕ ಶವಾಸನ. ನೀರು ಬರೂ ದಿವಸ ಇಷ್ಟೆಲ್ಲಾ ಆಗೂದಿಲ್ಲ. ಐದು ನಿಮಿಷ ಗ್ವಾಡಿ ಹತ್ರ ನಿಂತ್ರೂ ಸಾಕು, ದಿನಾ ತಪ್ಪಿಸಬಾರದು ಅಷ್ಟ.

ಮೂರು ತಿಂಗಳು ಏನೂ ಫರಕ ಕಾಣಲಿಲ್ಲ. ನಾಲ್ಕನೇ ತಿಂಗಳದಾಗ ಒಂದು ದಿವಸ ಮೆಂತೆ ಪಲ್ಲೆ ಸೋಸಿ, ಬುಟ್ಟಿ ಎರಡೂ ಕೈಯಾಗ ಹಿಡಕೊಂಡ ಎದ್ದು ಒಳಗ ಹೋಗಿದ್ದೆ. ಒಳಗ ಹೋದ ಮ್ಯಾಲ ಲಕ್ಷಕ್ಕ ಬಂತು, ನೆಲಕ್ಕ ಕೈ ಊರಿರಲಿಲ್ಲ.

ಇನ್ನ ಮನಸ್ಸಿನ ಮಾತು. ನೂಲಿನ ರೇಟು ಏರ್ತೈತಿ, ಸೀರಿ ಹೋಗೂದಿಲ್ಲ, ಮಗಾ ಪರ ಊರಾಗ, ಮಗಳ ಮದವಿ. ರಾತ್ರಿ ಮೂರಕ್ಕ ಎಚ್ಚರಾದ್ರ ಇವೆಲ್ಲಾ ಸರತಿ ಹಚ್ಚಿ ಬರ್ತಾವ. ಯೋಗಾ ಮಾಡಿದ್ರ ಸೀರಿ ಮಾರಿ ಹೋಗ್ತಾವ ಅಂತ ನಾ ಹೇಳೂದಿಲ್ಲ. ಆದ್ರ ಉಸಿರು ನಮ್ಮ ಕೈಯಾಗೈತಿ. ಸಾವಕಾಶ ಒಳಗ ಎಳಕೊಂಡು, ಅದಕಿಂತ ಸಾವಕಾಶ ಹೊರಗ ಬಿಟ್ರ ಎದಿ ಬಡಿತ ಇಳೀತೈತಿ, ಬಿಗಿ ಹಿಡದ ಹೆಗಲು ಸಡಲ ಆಗ್ತಾವ. ನಾನು ಭ್ರಾಮರಿ ಮಾಡ್ತೇನಿ, ಬಾಯಿ ಮುಚ್ಚಿ ದುಂಬಿ ಹಂಗ ಗುಂಯ್ ಅನ್ನೂದು. ಏಳೆಂಟು ಸಲ ಆಗೂದ್ರಾಗ ಚಿಂತಿ ಹೋಗೂದಿಲ್ಲ, ಆದ್ರ "ಮುಂಜಾನೆ ನೋಡೂಣು" ಅನ್ನೂವಷ್ಟು ದೂರ ಸರೀತೈತಿ. ಮನ್ಯಾಗ ಯಾರರ ಏನರ ಅಂದಾಗ ತಟ್ಟನೆ ಬಾಯಿ ಮಾಡೂದೂ ಕಡಿಮ್ಯಾಗೈತಿ. ಇದನ್ನ ನಮ್ಮ ಸೊಸಿಗೆ ಕೇಳ್ರಿ!

ಒಂದೆರಡು ಎಚ್ಚರಿಕಿ ಮಾತು. ಬಿಪಿ, ಸಕ್ಕರಿ, ಥೈರಾಯಿಡ್ ಗುಳಿಗಿ ಯೋಗಾ ಮಾಡ್ತೇವಿ ಅಂತ ಬಿಡಬ್ಯಾಡ್ರಿ. ಬಿಪಿ ಇದ್ದವರು, ಕಣ್ಣಿನ ಒತ್ತಡ ಇದ್ದವರು ತಲಿ ಕೆಳಗ ಮಾಡೂ ಆಸನಾ ಮಾಡಬಾರದು. ಎಲಬು ಸವದವರು ಜೋರ ಮಾಡಿ ಮುಂದಕ್ಕ ಬಾಗಬಾರದು. ಆಪರೇಶನ್ ಆದವರು ಡಾಕ್ಟರನ್ನ ಕೇಳೇ ಶುರು ಮಾಡ್ರಿ. ಮೊಬೈಲ್ ನೋಡಿ ಕಲಿಯೂದ್ಕಿಂತ, ನಿಮ್ಮ ಮೈ ನೋಡಿ ತಿದ್ದವರ ಹತ್ರ ನಾಕು ದಿನಾ ಹೋಗಿ ಕಲೀರಿ.

ಜೂನ್ 21ಕ್ಕ ಯೋಗ ದಿನ ಅಂತ ಫೋಟೋ ತಗಸಿ ಚಾಪಿ ಮಡಚಿ ಇಡೂದಲ್ಲ ಇದು. ರೊಟ್ಟಿ ದಿನಾ ಮಾಡ್ತೀವಲ್ಲ, ಹಂಗ ಇದೂ ದಿನಾನ. ಇವತ್ತು ಅಡಗಿ ಮನಿ ಕೆಲಸಾ ಮುಗದ ಮ್ಯಾಲ, ಹತ್ರ ಒಂದು ಕುರ್ಚಿ ಆಸರಾಕ್ಕ ಇಟ್ಕೊಂಡು, ನೆಲಕ್ಕ ಕೂತು ಎದ್ದು ನೋಡ್ರಿ. ಎಷ್ಟು ಕೈ ಊರಬೇಕಾತು ಅಂತ ಎಣಸ್ರಿ. ಅಲ್ಲಿಂದನ ಶುರು ಮಾಡ್ರಿ.